ಗಾಳಿ ನಿಂತ ಮೇಲೆ ಬರುವ ಮಳೆ: ಚಳ್ಳಕೆರೆ ಸೀಮೆಯ ಹವಾಮಾನದ ಬಗ್ಗೆ ಒಂದು ಮಾತುಕತೆ

ಎಲ್ಲರಿಗೂ ನಮಸ್ಕಾರ.

ಜೂನ್ ಮೊದಲ ವಾರ ಟಿ.ವಿ. ಹಾಕಿದರೆ ಒಂದೇ ಸುದ್ದಿ. ಕೇರಳಕ್ಕೆ ಮುಂಗಾರು ಬಂತು, ಕರಾವಳಿಗೆ ಬಂತು, ಇನ್ನೆರಡು ದಿನದಲ್ಲಿ ರಾಜ್ಯಕ್ಕೆಲ್ಲ ಬರುತ್ತದೆ. ನಕಾಶೆಯಲ್ಲಿ ಆ ಗೆರೆ ಚಳ್ಳಕೆರೆ, ಹಿರಿಯೂರು, ಪಾವಗಡ ಎಲ್ಲವನ್ನೂ ದಾಟಿ ಮುಂದೆ ಹೋಗಿಬಿಡುತ್ತದೆ. ನಮ್ಮ ಹೊಲದಲ್ಲಿ ನಿಂತು ನೋಡಿದರೆ ಏನಿರುತ್ತದೆ? ಗಾಳಿ. ತಲೆ ಮೇಲೆ ಟವೆಲ್ ನಿಲ್ಲದಷ್ಟು ಗಾಳಿ. ಮೋಡಗಳು ಸಾಲುಸಾಲಾಗಿ ಬರುತ್ತವೆ, ನಮ್ಮ ಮುಖ ನೋಡುತ್ತವೆ, ಆಂಧ್ರದ ಕಡೆಗೆ ಹೋಗುತ್ತವೆ.

ಟಿ.ವಿ.ಯವರು ಹೇಳಿದ್ದು ಸುಳ್ಳಲ್ಲ. ಗಾಳಿಯ ಲೆಕ್ಕದಲ್ಲಿ ಮುಂಗಾರು ಬಂದೇ ಇದೆ. ಮಳೆ ಬಂದಿಲ್ಲ, ಅಷ್ಟೇ. ನಮ್ಮ ಸೀಮೆಯಲ್ಲಿ ಇವೆರಡೂ ಬೇರೆ ಬೇರೆ ಯಾಕೆ ಅನ್ನೋದೇ ಇವತ್ತಿನ ಮಾತು.

ಮೊದಲು ಒಂದು ಅಳತೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ. ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಎರಡು ಊರಿನ ನಡುವೆ ನೇರ ಗೆರೆ ಎಳೆದರೆ 200 ಕಿ.ಮೀ. ಕೂಡ ಇಲ್ಲ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ಅಲ್ಲೇ ಸುರಿಯುತ್ತದೆ. ಬಾಬಾಬುಡನ್‌ಗಿರಿ ಸಾಲು ಉಳಿದದ್ದರಲ್ಲಿ ಇನ್ನಷ್ಟು ಕಿತ್ತುಕೊಳ್ಳುತ್ತದೆ. ಬೆಟ್ಟ ದಾಟಿದ ಗಾಳಿ ಕೆಳಗಿಳಿಯುತ್ತದೆ. ಇಳಿಯುವ ಒಣ ಗಾಳಿ ನೂರು ಮೀಟರ್‌ಗೆ ಸುಮಾರು ಒಂದು ಡಿಗ್ರಿಯಷ್ಟು ಬಿಸಿಯಾಗುತ್ತದೆ. ಬಿಸಿಯಾದ ಹಾಗೆ ಮೋಡ ಕರಗುತ್ತದೆ. ಇದನ್ನೇ ಮಳೆ ನೆರಳು ಅನ್ನುವುದು. ಇಷ್ಟನ್ನು ನೀವು ಶಾಲೆಯಲ್ಲೇ ಓದಿರುತ್ತೀರಿ.

ಶಾಲೆ ಪುಸ್ತಕ ಇಲ್ಲಿಗೆ ನಿಲ್ಲಿಸುತ್ತದೆ. ಆದರೆ ನಮ್ಮ ಕಥೆ ಶುರುವಾಗುವುದೇ ಇಲ್ಲಿಂದ. ಜೂನ್, ಜುಲೈನಲ್ಲಿ ನಮ್ಮ ಮೇಲೆ ಹಾಯುವ ಗಾಳಿಯಲ್ಲಿ ತೇವ ಇರುವುದೇ ಇಲ್ಲವೇ? ಇರುತ್ತದೆ. ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಸೊಮಾಲಿಯಾ ಕಡೆಯಿಂದ ಅರಬ್ಬಿ ಸಮುದ್ರ ದಾಟಿ ಬರುವ ಒಂದು ರಭಸದ ಗಾಳಿಪಟ್ಟಿ ಇದೆ. ಜುಲೈನಲ್ಲಿ ಅದರ ಜೋರು ಅತಿ ಹೆಚ್ಚು. ಒಳನಾಡಿನಲ್ಲಿ ಮಳೆ ಬರಬೇಕಾದರೆ ಮೋಡ ಗೋಪುರದ ಹಾಗೆ ಮೇಲಕ್ಕೆ ಬೆಳೆಯಬೇಕು. ಹತ್ತು ಹನ್ನೆರಡು ಕಿ.ಮೀ. ಎತ್ತರಕ್ಕೆ ಹೋಗಬೇಕು. ಅಡ್ಡ ಗಾಳಿ ಈ ಪಾಟಿ ಬೀಸುತ್ತಿದ್ದರೆ ಅದು ನಿಲ್ಲುವುದಕ್ಕೇ ಆಗುವುದಿಲ್ಲ. ತಲೆ ಒಂದು ಕಡೆ, ಬುಡ ಒಂದು ಕಡೆ ಆಗಿ ಚದುರಿಹೋಗುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಸಾಲಿನ ಮೇಲೆ ಗಾಳಿಯಂತ್ರಗಳು ಯಾಕೆ ನಿಂತಿವೆ ಗೊತ್ತಲ್ವಾ? ಈ ಗಾಳಿಗಾಗಿಯೇ. ಅವುಗಳ ರೆಕ್ಕೆ ಜೋರಾಗಿ ತಿರುಗುವ ತಿಂಗಳುಗಳಲ್ಲೇ ನಮ್ಮ ಹೊಲಕ್ಕೆ ಮಳೆ ಕಷ್ಟ. ಕರೆಂಟಿಗೆ ಒಳ್ಳೆ ತಿಂಗಳು, ಶೇಂಗಾಕ್ಕೆ ಕೆಟ್ಟ ತಿಂಗಳು!

ಹಾಗಾದರೆ ನಮಗೆ ಮಳೆ ಯಾವಾಗ? ವರ್ಷದಲ್ಲಿ ಎರಡು ಗುಡ್ಡೆ ಇದೆ. ಒಂದು ಚಿಕ್ಕದು, ಮೇ ತಿಂಗಳಲ್ಲಿ. ಇನ್ನೊಂದು ದೊಡ್ಡದು, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ನಡುವೆ ಜೂನ್, ಜುಲೈ ತಗ್ಗು. ವರ್ಷದ ಮಳೆಯಲ್ಲಿ ಅರ್ಧದ ಹತ್ತಿರ ಆ ಕೊನೆಯ ಎರಡು ತಿಂಗಳಲ್ಲೇ ಬೀಳುತ್ತದೆ.

ಈ ಎರಡು ಗುಡ್ಡೆಗೂ ಸೂರ್ಯನಿಗೂ ನಂಟಿದೆ. ನಮ್ಮ ಊರುಗಳ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ನೇರ ನೆತ್ತಿಗೆ ಬರುತ್ತಾನೆ. ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ. ಆ ದಿನ ಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಮಕ್ಕಳು ಒಮ್ಮೆ ನೋಡಿ, ಚೆನ್ನಾಗಿರುತ್ತದೆ. ಏಪ್ರಿಲ್‌ನಲ್ಲಿ ನೆಲ ಕಾದು, ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು, ಕೆಲವು ಸಲ ಆಲಿಕಲ್ಲು. ಆಗಸ್ಟ್ ಕಳೆದ ಮೇಲೆ ಗಾಳಿಯ ಜೋರು ಇಳಿಯುತ್ತದೆ. ಆಕಾಶದಲ್ಲಿ ತೇವ ಇನ್ನೂ ಇದೆ, ಬಿಸಿಲಿಗೆ ಶಕ್ತಿ ಇದೆ, ಬಂಗಾಳ ಕೊಲ್ಲಿಯ ಕಡೆಯಿಂದಲೂ ತೇವ ಬರುವುದಕ್ಕೆ ಶುರುವಾಗುತ್ತದೆ. ಈಗ ಮೋಡ ನಿಂತು ಬೆಳೆಯಬಹುದು. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳು ಗುಡುಗಿ ಮಿಂಚಿ ಸಂಜೆಗೋ ರಾತ್ರಿಗೋ ಬರುವುದು ಈ ಕಾರಣಕ್ಕೆ. ಮಲೆನಾಡಿನವರ ಮಳೆ ದಿನಗಟ್ಟಲೆ ಸುಮ್ನೆ ಸುರಿಯುತ್ತದೆ. ನಮ್ಮದು ಸದ್ದು ಮಾಡಿಕೊಂಡು ಬಂದು ಒಂದೆರಡು ಗಂಟೆಯಲ್ಲಿ ಮುಗಿಸಿ ಹೋಗುತ್ತದೆ.

ಇನ್ನೊಂದು ವಿಷಯ ಕೇಳಿದರೆ ಕೆಲವರಿಗೆ ಆಶ್ಚರ್ಯ ಆಗಬಹುದು. ಜುಲೈ, ಆಗಸ್ಟ್‌ನಲ್ಲಿ ಮಧ್ಯ ಭಾರತದ ಮೇಲಿರುವ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಒಮ್ಮೊಮ್ಮೆ ಉತ್ತರಕ್ಕೆ ಸರಿದು ಹಿಮಾಲಯದ ಬುಡಕ್ಕೆ ಹೋಗುತ್ತದೆ. ಆಗ ದೇಶದ ಬಹುಪಾಲು ಕಡೆ ಮಳೆ ನಿಲ್ಲುತ್ತದೆ. ಪತ್ರಿಕೆಗಳಲ್ಲಿ 'ಮುಂಗಾರು ದುರ್ಬಲ' ಅಂತ ಬರುತ್ತದೆ. ಆ ಹೊತ್ತಿಗೇ ರಾಯಲಸೀಮೆ, ತಮಿಳುನಾಡು, ಅದಕ್ಕೆ ಹೊಂದಿಕೊಂಡ ನಮ್ಮ ಕಡೆ ಮಳೆಯ ಸಾಧ್ಯತೆ ಹೆಚ್ಚಾಗುತ್ತದೆ. ಮುಂಗಾರು ಬಿಗಿಯಾಗಿದ್ದರೆ ಮಲೆನಾಡಿಗೆ ಸುಗ್ಗಿ, ಸಡಿಲವಾದರೆ ನಮಗೊಂದು ಅವಕಾಶ. ಹಾಗಾಗಿ ಲಿಂಗನಮಕ್ಕಿ ತುಂಬಿತು ಅನ್ನುವ ಸುದ್ದಿ ಓದಿ ನಮ್ಮ ಹೊಲದ ಬಗ್ಗೆ ತೀರ್ಮಾನ ಮಾಡಬೇಡಿ.

ಸರಾಸರಿಯ ವಿಷಯಕ್ಕೆ ಬರುತ್ತೇನೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 'ದಕ್ಷಿಣ ಒಳನಾಡು' ಅಂತ ಒಂದು ವಿಭಾಗ ಇದೆ. ನಮ್ಮ ಜಿಲ್ಲೆ ಅದರಲ್ಲಿದೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಕೂಡ ಅದರಲ್ಲೇ ಇವೆ! ಆಗುಂಬೆಯನ್ನೂ ಪರಶುರಾಂಪುರವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿ 'ವಾಡಿಕೆ ಮಳೆ ಆಗಿದೆ' ಅಂದರೆ ಯಾರಿಗೆ ಉಪಯೋಗ? ಪುಣ್ಯಕ್ಕೆ ರಾಜ್ಯದಲ್ಲಿ ಇನ್ನೊಂದು ವ್ಯವಸ್ಥೆ ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾಗಿ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಗಿರುವ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಅದು ಮಲೆನಾಡನ್ನು ಬೇರೆ ಲೆಕ್ಕ ಹಾಕುತ್ತದೆ. ನಿಮ್ಮ ಪಂಚಾಯಿತಿಯ ಅಂಕಿ ನೋಡಿ, ವಿಭಾಗದ ಅಂಕಿ ಬಿಡಿ.

ಒಣ ಸೀಮೆಯ ಸರಾಸರಿಯಲ್ಲಿ ಇನ್ನೂ ಒಂದು ಮೋಸ ಇದೆ. ಹತ್ತು ವರ್ಷದಲ್ಲಿ ಒಂದೆರಡು ವರ್ಷ ವಿಪರೀತ ಮಳೆ ಆಗುತ್ತದೆ. ಆ ಒಂದೆರಡು ವರ್ಷ ಇಡೀ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತವೆ. ಹಾಗಾಗಿ ಸರಾಸರಿಗಿಂತ ಕಡಿಮೆ ಮಳೆ ಆಗುವ ವರ್ಷಗಳೇ ಜಾಸ್ತಿ ಇರುತ್ತವೆ. 'ಈ ವರ್ಷವೂ ಕಡಿಮೆ ಆಯ್ತು' ಅಂತ ನಮ್ಮ ಹಿರಿಯರು ಸದಾ ಗೊಣಗುತ್ತಿದ್ದರಲ್ಲ, ಲೆಕ್ಕದ ಪ್ರಕಾರ ಅವರು ಹೇಳಿದ್ದು ಸರಿಯೇ.

ಈ ಏರಿಳಿತ ಎಷ್ಟು ಅಂತ ನೋಡಬೇಕಾದರೆ ಹಿರಿಯೂರಿನ ವಾಣಿ ವಿಲಾಸ ಸಾಗರಕ್ಕೆ ಹೋಗಿ. ನಮ್ಮ ಜನರ ಬಾಯಲ್ಲಿ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ಶುರು ಮಾಡಿ 1907ರಲ್ಲಿ ಮುಗಿಸಿದರು. 130 ಅಡಿಗೆ ಕೋಡಿ. ಅದು ಕೋಡಿ ಬಿದ್ದಿದ್ದು 1933ರಲ್ಲಿ. ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ! ಅಜ್ಜ ಕಂಡಿದ್ದನ್ನು ಮೊಮ್ಮಗ ಮುದುಕನಾದ ಮೇಲೆ ಕಂಡ. ಈಗ ಭದ್ರಾ ನೀರೂ ಅದಕ್ಕೆ ಸೇರುತ್ತಿದೆ. ಹಾಗಾಗಿ ಇನ್ನು ಮುಂದೆ ಅದರ ಮಟ್ಟ ನೋಡಿ ಈ ಕಡೆಯ ಮಳೆ ಅಳೆಯುವುದು ಕಷ್ಟ.

ಮಳೆ ಎಷ್ಟು ಅನ್ನುವುದು ಅರ್ಧ ಲೆಕ್ಕ. ಇನ್ನರ್ಧ, ಎಷ್ಟು ಆವಿಯಾಗುತ್ತದೆ ಅನ್ನುವುದು. ನಮ್ಮ ಬಿಸಿಲಿಗೆ, ಗಾಳಿಗೆ ವರ್ಷದಲ್ಲಿ ಆರಿಹೋಗಬಲ್ಲ ನೀರು ಬೀಳುವ ಮಳೆಯ ಮೂರು ಪಟ್ಟಿಗೂ ಹೆಚ್ಚು. ಸೀಮೆ ಒಣಗಿರುವುದು ಈ ಅಂತರದಿಂದ. ಇಷ್ಟೇ ಮಳೆ ಚಳಿ ದೇಶದಲ್ಲಿ ಬಿದ್ದರೆ ಹುಲ್ಲು ಹಸಿರಾಗಿಯೇ ಇರುತ್ತದೆ. ಲಂಡನ್ ನಗರದ ವರ್ಷದ ಮಳೆ ನಮ್ಮದಕ್ಕಿಂತ ತೀರಾ ದೊಡ್ಡದೇನಲ್ಲ. ಆದರೆ ಅಲ್ಲಿ ಅದು ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ನಮ್ಮಲ್ಲಿ ಎರಡೂವರೆ ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವನ್ನು ಮಾತ್ರ 'ಮಳೆ ದಿನ' ಅಂತ ಎಣಿಸುತ್ತಾರೆ. ಅಂಥ ದಿನ ವರ್ಷಕ್ಕೆ ಮೂವತ್ತರಿಂದ ನಲವತ್ತು ಸಿಕ್ಕರೆ ದೊಡ್ಡದು. ಒಂದು ತಿಂಗಳ ಊಟವನ್ನು ಒಂದೇ ದಿನ ಎಲೆಗೆ ಬಡಿಸಿದ ಹಾಗೆ.

ಅದನ್ನು ಉಳಿಸಿಕೊಳ್ಳುವ ಲೆಕ್ಕವೂ ಕಷ್ಟದ್ದೇನಲ್ಲ. ಒಂದು ಎಕರೆ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 20 ಮಿ.ಮೀ. ಹದ ಮಳೆ ಅಂದರೆ 80,000 ಲೀಟರ್. ದುಡ್ಡು ಕೊಟ್ಟು ತರಿಸಿದರೆ 5,000 ಲೀಟರಿನ ಹದಿನಾರು ಟ್ಯಾಂಕರ್. ನಮ್ಮ ಕೆಂಪು ಮಣ್ಣಿನ ಹೊಲದ ಮೇಲೆ ಹೆಪ್ಪು ಕಟ್ಟಿದ್ದರೆ ಅದರಲ್ಲಿ ಎಷ್ಟು ಹಳ್ಳಕ್ಕೆ ಹೋಗುತ್ತದೆ ಅಂತ ನೀವೇ ನೋಡಿದ್ದೀರಿ. ಬದು, ಕೃಷಿ ಹೊಂಡ, ಗೋಕಟ್ಟೆಗಳ ಬಗ್ಗೆ ಭಾಷಣ ಸಾಕಷ್ಟು ಆಗಿದೆ, ನಾನು ಸೇರಿಸುವುದಿಲ್ಲ.

ಈಗ ಮಳೆ ನಕ್ಷತ್ರ. 'ಇದೆಲ್ಲ ಮೂಢನಂಬಿಕೆ ಅಲ್ವಾ ಸಾರ್?' ಅಂತ ಕಾಲೇಜು ಮಕ್ಕಳು ಕೇಳುತ್ತಾರೆ. ಅಲ್ಲ. ಅದೊಂದು ಕ್ಯಾಲೆಂಡರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರಾ ಜೂನ್ 22ಕ್ಕೆ, ಉತ್ತರೆ ಸೆಪ್ಟೆಂಬರ್ 13ಕ್ಕೆ, ಸ್ವಾತಿ ಅಕ್ಟೋಬರ್ 24ಕ್ಕೆ. ತಿಂಗಳಿಗಿಂತ ಚಿಕ್ಕದು, ವಾರಕ್ಕಿಂತ ದೊಡ್ಡದು. ಬಿತ್ತನೆ, ಎಡೆಕುಂಟೆ, ಕೊಯ್ಲಿನ ಯೋಚನೆಗೆ ಸರಿಯಾದ ಅಳತೆ. ಚಂದ್ರನ ತಿಂಗಳ ಹಾಗೆ ಅಧಿಕ ಮಾಸದ ಗೊಂದಲವೂ ಇಲ್ಲ.

ಆದರೆ ಕ್ಯಾಲೆಂಡರನ್ನು ಮುನ್ಸೂಚನೆ ಅಂದುಕೊಂಡರೆ ತೊಂದರೆ. 'ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ' ಅನ್ನುತ್ತಾರೆ. ಜೂನ್ ಕೊನೆಯ ಮಳೆಯ ಮೇಲೆ ನಿಂತ ಕಡೆಗೆ ಆ ಮಾತು ಒಪ್ಪುತ್ತದೆ. ಗಾಳಿಯ ತಿಂಗಳಲ್ಲಿ ಬರುವ ಆರಿದ್ರಾವನ್ನು ನಂಬಿ ನಮ್ಮ ಸೀಮೆ ಬದುಕಲು ಆಗುವುದಿಲ್ಲ. 'ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು' ಅನ್ನುವುದು ನಮಗೆ ಹೆಚ್ಚು ಹತ್ತಿರದ ಗಾದೆ. ಇನ್ನೊಂದು ಸಣ್ಣ ಮಾತು. ಭೂಮಿಯ ಅಕ್ಷ ನಿಧಾನವಾಗಿ ಸುತ್ತುವುದರಿಂದ ಈ ನಕ್ಷತ್ರದ ತಾರೀಖುಗಳು ಋತುಗಳಿಗೆ ಹೋಲಿಸಿದರೆ ಸುಮಾರು 71 ವರ್ಷಕ್ಕೆ ಒಂದು ದಿನ ಮುಂದೆ ಹೋಗುತ್ತವೆ. ಸಾವಿರ ವರ್ಷಕ್ಕೆ ಒಂದು ಪೂರ್ತಿ ಮಳೆ ನಕ್ಷತ್ರದಷ್ಟು ವ್ಯತ್ಯಾಸ. ಗಾದೆ ಎಷ್ಟು ಹಳೆಯದೋ ಅಷ್ಟು ಜಾರಿರುತ್ತದೆ.

ಶೇಂಗಾ ಬೆಳೆಗಾರರಿಗೆ ಇದೆಲ್ಲ ಅಂಕಿಗಿಂತ ಚೆನ್ನಾಗಿ ಮೈಗೆ ಗೊತ್ತಿದೆ. ಜುಲೈನಲ್ಲಿ ಬಿತ್ತಿದರೆ ಹೂವು ಬಿಟ್ಟು ಊಡು, ಅಂದರೆ ತುದಿಯಲ್ಲಿ ಕಾಯಿ ಕಟ್ಟುವ ಎಳೆ, ನೆಲಕ್ಕೆ ಇಳಿಯುವ ಹೊತ್ತಿಗೆ ಆಗಸ್ಟ್ ಕೊನೆ. ಆಗ ಮೂರು ವಾರ ಮಳೆ ಕೈಕೊಟ್ಟರೆ ಊಡು ಗಟ್ಟಿ ಮಣ್ಣಿಗೆ ಇಳಿಯುವುದೇ ಇಲ್ಲ. ಆಮೇಲೆ ಸೆಪ್ಟೆಂಬರ್‌ನಲ್ಲಿ ಎಷ್ಟು ಸುರಿದರೂ ಬಳ್ಳಿ ಹಸಿರಾಗುತ್ತದೆ, ಕಾಯಿ ಇರುವುದಿಲ್ಲ. ದಾಖಲೆಯಲ್ಲಿ ಮಾತ್ರ 'ವಾಡಿಕೆ ಮಳೆ'. ಶೇಕಡಾ 19ರಷ್ಟು ಕಡಿಮೆಯಾದರೂ ಇಲಾಖೆಯ ಲೆಕ್ಕದಲ್ಲಿ ಅದು ವಾಡಿಕೆಯೇ. ಇನ್ನು ಅಕ್ಟೋಬರ್‌ನಲ್ಲಿ ಕೀಳುವ ಹೊತ್ತಿಗೆ ಮಳೆ ಹಿಡಿದರೆ ಟಿಎಂವಿ-2 ಥರದ ಗಿಡ್ಡ ತಳಿಗಳು ಭೂಮಿಯಲ್ಲೇ ಮೊಳಕೆ ಒಡೆಯುತ್ತವೆ. ಬೇಕಾದಾಗ ಬರಲಿಲ್ಲ, ಬೇಡವಾದಾಗ ಬಿಡಲಿಲ್ಲ. ಬೆಳೆ ವಿಮೆಯವರು ಒಟ್ಟು ಮಳೆಯ ಜೊತೆಗೆ ಮಳೆ ಇಲ್ಲದ ದಿನಗಳ ಸಾಲನ್ನೂ ನೋಡಬೇಕು ಅಂತ ನಾನು ವಾದಿಸುವುದು ಇದಕ್ಕೇ.

ಎಲ್ ನಿನೋ ಬಗ್ಗೆ ಕೇಳೇ ಕೇಳುತ್ತೀರಿ. ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗದ ನೀರು ಬಿಸಿಯಾದರೆ ಭಾರತದ ಮುಂಗಾರು ಸೊರಗುವ ಸಾಧ್ಯತೆ ಜಾಸ್ತಿ. 2015ರಲ್ಲಿ ಹಾಗಾಯಿತು. 2023ರಲ್ಲೂ ಆಯಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ಆದರೆ 1997ರಲ್ಲಿ ಭಾರೀ ಎಲ್ ನಿನೋ ಇದ್ದರೂ ದೇಶದ ಮುಂಗಾರು ವಾಡಿಕೆಯಂತೆ ಆಯಿತು. ಇನ್ನೊಂದು ತಿರುವೂ ಇದೆ. ಎಲ್ ನಿನೋ ವರ್ಷಗಳಲ್ಲಿ ದಕ್ಷಿಣದಲ್ಲಿ ಅಕ್ಟೋಬರ್ ನಂತರದ ಹಿಂಗಾರು ಚುರುಕಾಗುವ ಸಾಧ್ಯತೆ ಇರುತ್ತದೆ. ಮುಂಗಾರಿನ ಬಾಲ, ಹಿಂಗಾರಿನ ತಲೆ ಎರಡನ್ನೂ ಹಿಡಿದು ಬದುಕುವ ನಮ್ಮಂಥ ಸೀಮೆಗೆ ಒಂದು ಕಡೆ ನಷ್ಟ, ಇನ್ನೊಂದು ಕಡೆ ಸ್ವಲ್ಪ ಭರ್ತಿ ಆಗಬಹುದು. ಎರಡೂ ಕೈಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 1876 ಸಾಕ್ಷಿ. ಆ ವರ್ಷ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. ಮುಂದಿನ ವರ್ಷದ ಮುಂಗಾರೂ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಆ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು.

ಭೂಮಿ ಬಿಸಿಯಾಗುತ್ತಿರುವುದರಿಂದ ನಮಗೇನು? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಿಡಿದದ್ದನ್ನು ಬಿಟ್ಟಾಗ ಮಳೆ ಜೋರು. ಬಿಡದೆ ಇದ್ದಾಗ ಹೊಲದ ತೇವವನ್ನೇ ಬೇಗ ಹೀರುತ್ತದೆ. ಒಣ ಸೀಮೆಗೆ ಎರಡೂ ಪೆಟ್ಟು ಒಟ್ಟಿಗೇ ಬೀಳುತ್ತವೆ.

ಕೊನೆಗೆ, ಮುನ್ಸೂಚನೆ ಯಾವುದನ್ನು ನೋಡಬೇಕು ಅಂತ. ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ಇಡೀ ದೇಶಕ್ಕೆ ಒಂದು ಅಂಕಿ ಕೊಡುತ್ತದೆ. ಮುಖಪುಟದಲ್ಲಿ ದೊಡ್ಡದಾಗಿ ಬರುವುದು ಅದೇ. ಅದರಿಂದ ನಿಮ್ಮ ಹೊಲಕ್ಕೆ ತಿಳಿಯುವುದು ತೀರಾ ಕಡಿಮೆ. ಜುಲೈ ಕೊನೆಯಲ್ಲಿ ಆಗಸ್ಟ್, ಸೆಪ್ಟೆಂಬರ್‌ಗೆ ಅಂತ ಇನ್ನೊಂದು ಬರುತ್ತದೆ. ಸೆಪ್ಟೆಂಬರ್ ಕೊನೆಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿಗೆ ಮತ್ತೊಂದು. ಇವೆರಡೂ ಒಳಪುಟದ ಮೂಲೆಯಲ್ಲಿರುತ್ತವೆ. ನಮ್ಮ ಅರ್ಧ ಮಳೆ ಇರುವುದು ಆ ಎರಡರಲ್ಲಿ. ಬಿತ್ತಿದ ಮೇಲೆ ಮಂಗಳವಾರ, ಶುಕ್ರವಾರ ಬರುವ ಜಿಲ್ಲೆಯ ಕೃಷಿ ಹವಾಮಾನ ವರದಿ ನೋಡಿ. ಅದರಲ್ಲಿ ಮಳೆಯ ಅಂಕಿಯ ಪಕ್ಕದಲ್ಲೇ ಗಾಳಿಯ ವೇಗದ ಸಾಲೂ ಇರುತ್ತದೆ. ಆಗಸ್ಟ್ ಹೊತ್ತಿಗೆ ಆ ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತಿದೆಯಾ ಅಂತ ಮೊದಲು ನೋಡಿ, ಆಮೇಲೆ ಮಳೆಯ ಕಾಲಂಗೆ ಹೋಗಿ.

ಈಗ ನಿಮ್ಮ ಪ್ರಶ್ನೆಗಳು ಬರಲಿ.