ಅಳಿವೆಯ ಆಚೆ, ಈಚೆ

ಕೇಳುಗರೇ, ನಮಸ್ಕಾರ.

ಮಧ್ಯ ಅಮೆರಿಕದ ಕೋಸ್ಟರೀಕಾದಲ್ಲಿ ಗ್ವಾನಕಾಸ್ಟೆ ಅಂತ ಒಂದು ಪ್ರಾಂತ್ಯವಿದೆ. ಅಲ್ಲಿನ ಪೆಸಿಫಿಕ್ ಕರಾವಳಿಯ ಊರು ತಮರಿಂದೊ. ಮೊದಲು ಮೀನುಗಾರರ ಹಳ್ಳಿ. ಈಗ ಸಾಲುಸಾಲು ಹೋಟೆಲು, ಹಲಗೆಯ ಮೇಲೆ ನಿಂತು ಅಲೆ ಸವಾರಿ ಕಲಿಸುವ ಸರ್ಫಿಂಗ್ ಶಾಲೆ, ಗುಡ್ಡದ ಮೇಲೆ ಅಪಾರ್ಟ್‌ಮೆಂಟು. ಅಮೆರಿಕದವರು ಎಷ್ಟು ಬಂದು ನೆಲೆಸಿದ್ದಾರೆಂದರೆ ಅಲ್ಲಿನ ಜನ ಊರನ್ನು ತಮಾಷೆಗೆ 'ತಮಾಗ್ರಿಂಗೊ' ಅನ್ನುತ್ತಾರೆ, ಗ್ರಿಂಗೊ ಅಂದರೆ ಅಮೆರಿಕದವರು. ಆ ದೇಶದ ಹಣ ಕೊಲೋನ್ ಕೊಟ್ಟರೂ ನಡೆಯುತ್ತದೆ, ಡಾಲರ್ ಕೊಟ್ಟರೂ ನಡೆಯುತ್ತದೆ. ಅದೇ ಪ್ರಾಂತ್ಯದ ಲಿಬೇರಿಯಾ ನಗರದ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಬೇಗ ತಲುಪಬಹುದು, ಇನ್ನೇನು ಬೇಕು ಬೆಳೆಯೋಕೆ!

ಆದರೆ ಎಲ್ಲಕ್ಕೂ ಮೂಲ ಅಲೆ. ಇಲ್ಲಿನ ತಳ ಹೆಚ್ಚಾಗಿ ಮರಳು. ಹಾಗಾಗಿ ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ. ಸೊಂಟದಷ್ಟು ನೀರಲ್ಲಿ ಗುರು ನಿಂತಿರುತ್ತಾನೆ. ಹಿಂದಿನಿಂದ ನೊರೆ ಉರುಳಿ ಬಂದಾಗ ಬೋರ್ಡಿನ ಬಾಲ ಹಿಡಿದು ಒಂದು ನೂಕು ನೂಕಿ 'ಏಳು' ಅಂತ ಕೂಗುತ್ತಾನೆ. ಕಲಿಯುವವರು ಮಂಡಿಯೂರಿ ಎದ್ದು, ಅರೆಕ್ಷಣ ನಿಂತು, ಧೊಪ್ಪನೆ ಬೀಳುತ್ತಾರೆ. ಪಳಗಿದವರು ಅಳಿವೆಯ ಬಾಯಿಗೋ, ಬಂಡೆಗಳಿರುವ ಪಿಕೊ ಪೆಕೆನ್ಯೊ ಕಡೆಗೋ ಹೋಗುತ್ತಾರೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಪಾಪಗಾಯೊ ಗಾಳಿ ಬೀಸುತ್ತದೆ. ನಿಕರಾಗುವಾ ಸರೋವರವನ್ನು ದಾಟಿ ಬರುವ ಈ ಗಾಳಿ ನೆಲದಿಂದ ಕಡಲಿನ ಕಡೆಗೆ ನುಗ್ಗುತ್ತದೆ. ಮುರಿಯಲು ಹೊರಟ ಅಲೆಯ ಮುಖವನ್ನು ಎದುರಿನಿಂದ ತಡೆದು ನಿಲ್ಲಿಸುವುದರಿಂದ ಅಲೆ ನೆಟ್ಟಗೆ, ನುಣುಪಾಗಿ ನಿಲ್ಲುತ್ತದೆ. ದೊಡ್ಡ ಅಲೆ ಬೇಕೆಂದರೆ ಮಾತ್ರ ಮಳೆಗಾಲದಲ್ಲೇ ಹೋಗಬೇಕು. ಆಗ ದಕ್ಷಿಣ ಗೋಳಾರ್ಧದ ಬಿರುಗಾಳಿಗಳು ಎಬ್ಬಿಸಿದ ಅಲೆಗಳು ಇಲ್ಲಿಯವರೆಗೆ ಬರುತ್ತವೆ.

ಊರಿನ ಉತ್ತರಕ್ಕೆ ಅಳಿವೆ. ಎರಡೂ ದಂಡೆಯಲ್ಲಿ ಕಾಂಡ್ಲಾ ಕಾಡು. ಈಜಿ ದಾಟೋಣ ಅನ್ನಬೇಡಿ, ಮೊಸಳೆಗಳಿವೆ. ಸಣ್ಣ ದೋಣಿಯಲ್ಲಿ ಕೂತರೆ ಆಚೆ ಸಿಗೋದು ಪ್ಲಾಯಾ ಗ್ರಾಂಡೆ. ಅದೇ ಕಡಲು, ಇನ್ನೂ ಬಿರುಸಾದ ಅಲೆ. ಆದರೆ ತೀರದ ಅಂಚಿನಲ್ಲಿ ಹೋಟೆಲು ಕಾಣುವುದಿಲ್ಲ. ಯಾಕೆಂದರೆ 1991ರಿಂದ ಇದು ಲಾಸ್ ಬೌಲಾಸ್ ರಾಷ್ಟ್ರೀಯ ಉದ್ಯಾನ. ಆಮೆಗಳಲ್ಲೇ ಅತಿ ದೊಡ್ಡದಾದ ಚರ್ಮಬೆನ್ನಿನ ಕಡಲಾಮೆ ಅಕ್ಟೋಬರಿನಿಂದ ಇಲ್ಲಿ ಮೊಟ್ಟೆ ಇಡಲು ಬರುತ್ತದೆ. ಮುನ್ನೂರು ಕೆ.ಜಿ.ಗೂ ಮೀರಿದ ಮೈಯನ್ನು ಎಳೆದುಕೊಂಡು ಮೇಲೆ ಬಂದು, ಹಿಂಗಾಲುಗಳಿಂದ ಒಂದೊಂದೇ ಹಿಡಿ ಮರಳು ತೆಗೆದು ಗುಂಡಿ ತೋಡುತ್ತದೆ. ಮೊಟ್ಟೆ ಒಡೆದ ಮರಿಗಳು ಬೆಳಕು ಜಾಸ್ತಿ ಇರುವ ಕಡೆಗೆ ಹೊರಡುತ್ತವೆ. ಮನುಷ್ಯರಿಲ್ಲದ ತೀರದಲ್ಲಿ ಅದು ಕಡಲು. ಊರಿನ ದೀಪ ಉರಿಯುತ್ತಿದ್ದರೆ ಅವು ತಿರುಗುವುದು ಊರ ಕಡೆಗೆ.

1980ರ ದಶಕದ ಕೊನೆಯಲ್ಲಿ ಒಂದೇ ಋತುವಿನಲ್ಲಿ ಸಾವಿರಕ್ಕೂ ಹೆಚ್ಚು ಹೆಣ್ಣಾಮೆಗಳು ಬರುತ್ತಿದ್ದವು. ಈಗ ಕೆಲವು ಹತ್ತು ಬಂದರೆ ದೊಡ್ಡದು. ಇದಕ್ಕೆ ತಮರಿಂದೊ ಒಂದನ್ನೇ ದೂರಿದರೆ ಅನ್ಯಾಯ. ವರ್ಷಗಟ್ಟಲೆ ಮೊಟ್ಟೆ ಕದ್ದು ಮಾರಿದ್ದಾರೆ, ದೂರದ ಕಡಲಲ್ಲಿ ಬಲೆ, ಗಾಳಗಳಿಗೆ ಸಿಕ್ಕಿ ಸತ್ತವೂ ಬಹಳ. ಹಿಂದೆ ಮೊಟ್ಟೆ ಅಗೆಯುತ್ತಿದ್ದವರಲ್ಲಿ ಕೆಲವರು ಈಗ ಪ್ರವಾಸಿಗರಿಗೆ ಆಮೆ ತೋರಿಸುವ ಗೈಡುಗಳು. ಅನುಭವ ಇದ್ದೇ ಇದೆ, ಅಲ್ವಾ?

ನನಗನ್ನಿಸುವುದು ಇಷ್ಟು. ಇಲ್ಲಿ ಏನಾದರೂ ಉಳಿದಿದ್ದರೆ ಅದು ಯಾರದೋ ಒಳ್ಳೆಯ ಮನಸ್ಸಿನಿಂದಲ್ಲ, ಕಾನೂನು ಗೆರೆ ಎಳೆದಿದ್ದರಿಂದ. 1977ರ ಕರಾವಳಿ ಕಾಯ್ದೆಯಂತೆ ಉಬ್ಬರದ ಗೆರೆಯಿಂದ 50 ಮೀಟರ್ ಸಾರ್ವಜನಿಕ ಜಾಗ. ಹಳೇ ಕಟ್ಟಡಗಳು ಅಲ್ಲಲ್ಲಿ ಉಳಿದುಕೊಂಡಿವೆ, ನಿಜ. ಆದರೂ ಎಷ್ಟೇ ದುಬಾರಿ ಹೋಟೆಲಾದರೂ ಮುಂದಿನ ಮರಳು ತನ್ನದು ಅನ್ನುವಂತಿಲ್ಲ. ಉದ್ಯಾನದೊಳಗೆ ಸಿಕ್ಕಿದ ಖಾಸಗಿ ಜಮೀನಿಗಾಗಿ ಮಾಲೀಕರು ಮತ್ತು ಸರ್ಕಾರ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಗೆರೆ ಇಲ್ಲದ ಕಡೆ ಏನಾಯಿತು? ಊರು ಬೆಳೆದ ವೇಗಕ್ಕೆ ಚರಂಡಿ ಬೆಳೆಯಲಿಲ್ಲ. 2000ದ ದಶಕದಲ್ಲಿ ಕೊಳಚೆ ಕಡಲಿಗೆ ಸೇರಿ, ಸ್ವಚ್ಛ ತೀರಕ್ಕೆ ಕೊಡುವ ನೀಲಿ ಬಾವುಟವನ್ನೇ ತಮರಿಂದೊ ಕಳೆದುಕೊಂಡಿತು.

ಇನ್ನು ಕುಡಿಯುವ ನೀರು. ಗ್ವಾನಕಾಸ್ಟೆ ಆ ದೇಶದ ಒಣ ಪ್ರಾಂತ್ಯ, ಪ್ರವಾಸಿಗರು ಮುಗಿಬೀಳುವುದೂ ಮಳೆಯಿಲ್ಲದ ತಿಂಗಳುಗಳಲ್ಲೇ. ಉತ್ತರಕ್ಕಿರುವ ಸರ್ದಿನಾಲ್ ಹಳ್ಳಿಯ ಅಂತರ್ಜಲವನ್ನು ಕಡಲತೀರದ ಊರುಗಳಿಗೆ ಪೈಪಿನಲ್ಲಿ ಒಯ್ಯಲು ಹೊರಟಾಗ, 2008ರಲ್ಲಿ ಜನ ಬೀದಿಗಿಳಿದರು. ಕಡಲು ಕಾಣುವ ಸೈಟು ಕೊಳ್ಳುವವರು ಇಂದು ಮೊದಲು ಕೇಳಬೇಕಾದದ್ದು ನೀರು ಸಿಗುತ್ತದೆ ಎಂಬ ಪತ್ರವನ್ನು. ಅದಿಲ್ಲದೆ ಮನೆ ಕಟ್ಟುವ ಪರವಾನಗಿ ಸಿಗುವುದಿಲ್ಲ.

ನಮಸ್ಕಾರ.