ಇಲಿಗೆ ಕೊಂಬು ಮೂಡಿಲ್ಲ

ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗ, ದಾವಣಗೆರೆ ಸೀಮೆಯ ಅಡುಗೆಮನೆಗಳಲ್ಲಿ ರೇಡಿಯೊ ಹಚ್ಚಿಟ್ಟು ರೊಟ್ಟಿ ತಟ್ಟುತ್ತಿರುವ ತಾಯಂದಿರೇ, ಸ್ವಲ್ಪ ದನಿ ಏರಿಸಿಕೊಳ್ಳಿ. ಸಂಶೋಧನೆಗೆ ಕುಲಾಂತರಿ ಪ್ರಾಣಿ ಬಳಸುತ್ತಾರೆ ಎಂದೊಡನೆ ಜನ ಬೆಚ್ಚುತ್ತಾರೆ. ನನ್ನದು ಒಂದೇ ಮಾತು: ಜೀನ್ ಬದಲಾಯಿತೇ ಎಂದು ಕೇಳಬೇಡಿ, ಪ್ರಾಣಿಗೆ ನೋವಾಯಿತೇ ಎಂದು ಕೇಳಿ.

ಅಜ್ಜನ ಮೂಗು ಮೊಮ್ಮಗನಿಗೆ ಬರುವುದು ಜೀನ್‌ನಿಂದ. ಇಲಿಯಲ್ಲಿ ಅಂಥದ್ದನ್ನು ಒಂದೆರಡು ಕಡೆ ತಿದ್ದಿದರೆ ಅದು ಕುಲಾಂತರಿ ಇಲಿ. 1974ರಿಂದಲೂ ಇವೆ. ಕೊಂಬೇನೂ ಮೂಡಿಲ್ಲ.

ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇದನ್ನೇ ಹೇಳುತ್ತಿದ್ದೆ. ಹಿರಿಯರೊಬ್ಬರು ಎದ್ದು, "ಸಾರ್, ಆ ಇಲಿ ತಪ್ಪಿಸಿಕೊಂಡು ನಮ್ಮ ಮೆಕ್ಕೆಜೋಳದ ರಾಶಿಗೆ ಬಂದರೆ?" ಎಂದರು. ಸಭೆ ನಕ್ಕಿತು. ಪ್ರಯೋಗಾಲಯದಲ್ಲಿ ಆ ಇಲಿಗಳಿರುವ ಕೋಣೆಯೊಳಗೆ ಹೋಗಲು ನಾನೇ ಬಟ್ಟೆ ಬದಲಿಸಬೇಕು, ಇಲಿ ಹೊರಗೆ ಬರುವುದು ಸುಲಭವಲ್ಲ ಎಂದೆ. "ಇರಲಿ ಯಜಮಾನರೇ, ಈಗಿರುವ ಇಲಿಗೆ ಏನು ಮಾಡುತ್ತೀರಿ?"

"ಪಾಷಾಣ ಇಡುತ್ತೇವೆ."

"ಅದಕ್ಕೆ ನೋವಾಗುವುದಿಲ್ಲವೇ?"

ಅವರು ಸುಮ್ಮನಾದರು. ಹೆಂಗಸರ ಸಾಲಿನಿಂದ ಅವರ ಮನೆಯವರು ಕೇಳಿದರು: "ಇವರಿಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚುತ್ತೇನೆ. ಅದೂ ಇಂಥದ್ದೇ ಏನು?" ಹೌದು ತಾಯಿ ಎಂದೆ. ಮೊದಲೆಲ್ಲ ಇನ್ಸುಲಿನ್ ಬರುತ್ತಿದ್ದುದು ಕಸಾಯಿಖಾನೆಯ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ. 1982ರಿಂದ ಮನುಷ್ಯನ ಜೀನ್ ಸೇರಿಸಿದ ಬ್ಯಾಕ್ಟೀರಿಯಾ ಅದನ್ನು ತಯಾರಿಸಿಕೊಡುತ್ತಿದೆ. ಯಜಮಾನರು ತಮ್ಮ ತೋಳನ್ನೊಮ್ಮೆ ನೋಡಿಕೊಂಡರು. "ಈಗಿನದು ಹಂದಿಯದಲ್ಲ ತಾನೇ?" ಎಂದು ಎರಡು ಸಲ ಕೇಳಿ ಖಾತರಿ ಮಾಡಿಕೊಂಡು ಕುಳಿತರು. ಜೀನ್ ಬದಲಾದ ಮಾತನ್ನು ಎತ್ತಲೇ ಇಲ್ಲ! ಔಷಧಿ ನಮ್ಮ ಮೈಗೆ ಬೇಕಾದಾಗ ಭಯ ಎಲ್ಲಿ ಹೋಗುತ್ತದೆಯೋ ಕಾಣೆ.

ಅಯ್ಯೋ, ಗಡಿಯಾರ ಓಡುತ್ತಿದೆ. ಬೇಗ ಹೇಳಿಬಿಡುತ್ತೇನೆ. 2020ರ ಆ ಮೊದಲ ಕೊರೊನಾ ಸಾಮಾನ್ಯ ಇಲಿಗೆ ತಗಲುತ್ತಿರಲಿಲ್ಲ. ವೈರಸ್ ಒಳನುಗ್ಗುವ ಮನುಷ್ಯನ ಬಾಗಿಲನ್ನೇ ಜೀನ್ ಮೂಲಕ ಅಳವಡಿಸಿದ ಇಲಿಗಳು 2007ರಲ್ಲೇ, ಕೊರೊನಾದ ದಾಯಾದಿಯಾದ ಸಾರ್ಸ್ ಕಾಯಿಲೆಯ ಅಧ್ಯಯನಕ್ಕೆಂದು ಸಿದ್ಧವಾಗಿದ್ದವು. ಲಸಿಕೆಗಳ ಪರೀಕ್ಷೆಗೆ ಅವು ಒದಗಿದವು. ಅವೂ ನರಳಿದವು, ಸತ್ತವು. ಕೇಳಬೇಕಾದದ್ದು ಅದನ್ನೇ: ನೋವಾಯಿತೇ, ಬೇರೆ ದಾರಿ ಇತ್ತೇ? 1960ರ ನಮ್ಮ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಇದನ್ನೇ ಕೇಳುತ್ತದೆ. ಸಣ್ಣ ಪ್ರಾಣಿ ಸಾಕಾಗುವಲ್ಲಿ ದೊಡ್ಡದನ್ನು ಬಳಸಬೇಡಿ ಎನ್ನುತ್ತದೆ.

ಇನ್ನೊಂದು ಸುದ್ದಿ. 2022ರಲ್ಲಿ ಅಮೆರಿಕದ ವೈದ್ಯರು ಜೀನ್ ತಿದ್ದಿದ ಹಂದಿಯ ಹೃದಯವನ್ನೇ ಮನುಷ್ಯನಿಗೆ ಜೋಡಿಸಿದರು. ಜಗಳೂರಿನ ಆ ಯಜಮಾನರಿಗೆ ಇದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಕೇಳುತ್ತಿದ್ದರೆ, ಕ್ಷಮಿಸಿ ಯಜಮಾನರೇ. ನಮಸ್ಕಾರ.