ಕತ್ತಿಯ ಮೇಲಿನ ಕೆಂಪು

ಎಲ್ಲರಿಗೂ ನಮಸ್ಕಾರ.

ಪ್ರಾಂಶುಪಾಲರು ಫೋನ್ ಮಾಡಿ, "ಸರ್, ಉನ್ನತ ಶಿಕ್ಷಣದ ಮಹತ್ವ ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕು" ಎಂದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಫೋನ್ ಇಟ್ಟ ಮೇಲೆ ಪೇಚಾಟ ಶುರುವಾಯಿತು. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿ, ಈಗ ಪಿಂಚಣಿಯಲ್ಲಿ ಉಣ್ಣುತ್ತಿರುವವನು ಕಾಲೇಜು ಬೇಡ ಎನ್ನುತ್ತಾನೆಯೇ? ಬೆಲ್ಲದಂಗಡಿಯವನನ್ನು ಕರೆದು ಬೆಲ್ಲ ಸಿಹಿಯೇ ಎಂದು ಕೇಳಿದ ಹಾಗಾಯಿತು. ಅದಕ್ಕೇ ಮಹತ್ವವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನಾನು ದಡ್ಡನಾದ ಒಂದು ದಿನದ ಕತೆ ಹೇಳುತ್ತೇನೆ.

ನಮ್ಮದು ತೀರ್ಥಹಳ್ಳಿ ಸೀಮೆ. ಎರಡು ಎಕರೆ ಅಡಿಕೆ ತೋಟ. 1973ನೇ ಇಸವಿ. ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಎರಡನೇ ವರ್ಷದ ಪರೀಕ್ಷೆ ಬರೆದು ಊರಿಗೆ ಬಂದಿದ್ದೆ. ಆಗ ಶಿವಮೊಗ್ಗದ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಆದದ್ದು 1987ರಲ್ಲಿ. ಮಳೆ ಹಿಡಿಯುವ ಮೊದಲು, ಅಡಿಕೆ ಕಾಯಿ ಕೊಳೆಯದ ಹಾಗೆ ತೋಟಕ್ಕೆ ಕೊಳೆಮದ್ದು ಹೊಡೆಯಬೇಕಿತ್ತು. ಇಲ್ಲಿ ಕೂತಿರುವ ತೋಟದ ಮನೆಯ ಮಕ್ಕಳಿಗೆ ಗೊತ್ತಿದೆ: ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿದು ಕಲಕುತ್ತಾ ಹೋಗುವುದು. ಬಾನಿನಂಥ ನೀಲಿ ಬರುತ್ತದೆ.

ನಮ್ಮ ತೋಟಕ್ಕೆ ಒಬ್ಬ ಕೊನೆಗಾರರು, ಅಂದರೆ ಮರ ಹತ್ತಿ ಮದ್ದು ಹೊಡೆಯುವ, ಅಡಿಕೆ ಗೊನೆ ಇಳಿಸುವ ಕೆಲಸದವರು, ಬರುತ್ತಿದ್ದರು. ಆಗ ನಾವೆಲ್ಲ ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆವು. ಈಗ ನನಗೆ ಆ ಬಾಯಿ ಬರುವುದಿಲ್ಲ. ಶಾಲೆಯ ಮುಖ ನೋಡಿದವರಲ್ಲ. ಮದ್ದು ಕಲಸಿದ ಮೇಲೆ ಪ್ರತಿ ಸಲ ಸೊಂಟದ ಕತ್ತಿ ತೆಗೆದು, ಅಲಗನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಪೀಪಾಯಿಯಲ್ಲಿ ಅದ್ದಿ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಡುತ್ತಿದ್ದರು. ಆ ಸಲವೂ ಕೇಳಿದರು.

"ಸಣ್ಣಯ್ಯ, ಕತ್ತಿ ಅದ್ದಿ ನೋಡ್ಲಾ ಒಂದ್ಸಲ?"

"ಬೇಡ ಅಜ್ಜ. ತಕ್ಕಡೀಲಿ ತೂಗಿ ಹಾಕಿದೀನಿ. ಕೇಜಿಗೆ ಕೇಜಿ."

"ಹೌದಾ. ನೀವು ಓದಿದೋರು. ಹಂಗಾರೆ ಸರಿ ಬಿಡಿ."

ಎರಡು ಪೀಪಾಯಿ ಹೊಡೆದರು. ಹತ್ತು ದಿನ ಕಳೆದು ನೋಡಿದರೆ ಎಳೆಗಾಯಿಗಳ ಮೇಲೆ ಸುಟ್ಟ ಕಲೆ. ಅಪ್ಪ ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ. ಉಳಿದ ಭಾಗಕ್ಕೆ ಮದ್ದು ಕಲಸುವಾಗ ಅಜ್ಜ ಯಾರನ್ನೂ ಕೇಳದೆ ಕತ್ತಿ ಅದ್ದಿದರು. ಎತ್ತಿ ಹಿಡಿದರೆ ಅಲಗಿನ ಮೇಲೆ ಹೊಸ ಚೊಂಬಿನ ಹಾಗೆ ಕೆಂಪು. "ಸುಣ್ಣ ಸತ್ತೋಗಿದೆ ಸಣ್ಣಯ್ಯ" ಎಂದರು. ಹಿಂದಿನ ವರ್ಷದ ಸುಣ್ಣ, ಗಾಳಿಗೆ ಬಾಯಿ ಬಿಟ್ಟುಕೊಂಡು ಮೂಲೆಯಲ್ಲಿ ಬಿದ್ದಿತ್ತು. ಇನ್ನೊಂದಿಷ್ಟು ಸುಣ್ಣ ಹಾಕಿಸಿ, ಕತ್ತಿ ಒರೆಸಿ, ಮತ್ತೆ ಅದ್ದಿದರು. ಬಣ್ಣ ಏರಲಿಲ್ಲ. ಆಮೇಲೆ ಮರ ಹತ್ತಿದರು.

ನನ್ನ ದಡ್ಡತನ ಎಲ್ಲಿತ್ತು ಎಂದರೆ, ಕಬ್ಬಿಣವನ್ನು ಮೈಲುತುತ್ತದ ನೀರಿಗೆ ಹಾಕಿದರೆ ತಾಮ್ರ ಬೇರೆಯಾಗಿ ಕಬ್ಬಿಣದ ಮೇಲೆ ಕೂರುತ್ತದೆ ಎಂಬ ಸಮೀಕರಣವನ್ನು ನಾನು ಅದೇ ಪರೀಕ್ಷೆಯಲ್ಲಿ ಬರೆದಿದ್ದೆ. ಪೂರ್ತಿ ಅಂಕ ಬಂದಿತ್ತು. ಸುಣ್ಣ ಗಾಳಿಯ ಇಂಗಾಲಾಮ್ಲ ಹೀರಿ ಶಕ್ತಿ ಕಳೆದುಕೊಳ್ಳುತ್ತದೆ ಎನ್ನುವುದನ್ನೂ ಓದಿದ್ದೆ. ಎರಡೂ ನನ್ನ ನೋಟ್ ಪುಸ್ತಕದಲ್ಲಿದ್ದವು. ತೋಟದಲ್ಲಿ ಇರಲಿಲ್ಲ.

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಈ ಕತೆ ಕೇಳಿ ಆ ಗಾದೆ ನಿಮ್ಮ ನಾಲಿಗೆ ತುದಿಗೆ ಬಂದಿರಬೇಕು. ನನಗೆ ಆ ಲೆಕ್ಕದ ಮೇಲೆ ಸ್ವಲ್ಪ ತಕರಾರಿದೆ. ಅದಕ್ಕೆ ಮೊದಲು, ಬುದ್ಧಿಯನ್ನು ಅಳೆಯುವ ಕೋಲು ಎಲ್ಲಿಂದ ಬಂತು ನೋಡೋಣ. 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಎಂಬ ಇಬ್ಬರು ಮಕ್ಕಳಿಗಾಗಿ ಒಂದು ಪರೀಕ್ಷೆ ಕಟ್ಟಿದರು. ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ರೀತಿಯಲ್ಲಿ ಕಲಿಸುವುದು ಅದರ ಉದ್ದೇಶ. ಬುದ್ಧಿ ಹುಟ್ಟಿನಲ್ಲೇ ಅಚ್ಚಾದದ್ದು ಎಂಬ ಮಾತನ್ನು ಬಿನೆ ಒಪ್ಪುತ್ತಿರಲಿಲ್ಲ. ಅಭ್ಯಾಸದಿಂದ ಬೆಳೆಯುತ್ತದೆ ಎನ್ನುತ್ತಿದ್ದರು. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಅದನ್ನು, ಮಗುವಿನ ಬುದ್ಧಿಯ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಭಾಗಾಕಾರಕ್ಕೆ ಇಳಿಸಿದರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ತಿದ್ದಿ ಹರಡಿದರು, ಐಕ್ಯೂ ಎಂಬ ಬುದ್ಧಿಯ ಅಂಕ ಮನೆಮಾತಾಯಿತು. ಕೈಹಿಡಿದು ಎತ್ತಲು ಮಾಡಿದ್ದು ಜನರನ್ನು ಸಾಲಾಗಿ ನಿಲ್ಲಿಸುವ ಕೋಲಾಯಿತು. ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹಣೆಬರಹವೂ ಹೆಚ್ಚು ಕಮ್ಮಿ ಅಷ್ಟೇ.

ನನಗೆ ಇದಕ್ಕಿಂತ ರುಚಿಸಿದ್ದು ಅಲೆಕ್ಸಾಂಡರ್ ಲೂರಿಯಾ ಎಂಬ ರಷ್ಯದ ಮನಶ್ಶಾಸ್ತ್ರಜ್ಞರ ಕೆಲಸ. 1931 ಮತ್ತು 32ರಲ್ಲಿ ಅವರು ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋಗಿ ಅಕ್ಷರ ಬಾರದ ರೈತರ ಮುಂದೆ ನಾಲ್ಕು ಚಿತ್ರ ಇಟ್ಟರು. ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ. ಗುಂಪಿಗೆ ಸೇರದ್ದು ಯಾವುದು? ನೀವು ದಿಮ್ಮಿ ಎನ್ನುತ್ತೀರಿ, ಉಳಿದವೆಲ್ಲ ಹತಾರ ಅಲ್ಲವೇ. ಆ ರೈತರು ದಿಮ್ಮಿಯನ್ನು ಬಿಡಲು ಸುತರಾಂ ಒಪ್ಪಲಿಲ್ಲ. ದಿಮ್ಮಿಯೇ ಇಲ್ಲದಿದ್ದರೆ ಗರಗಸ ಕೊಡಲಿಗೆ ಏನು ಕೆಲಸ? ಇನ್ನೊಂದು ಪ್ರಶ್ನೆ: ದೂರದ ಉತ್ತರದ ಹಿಮದ ನಾಡಿನಲ್ಲಿ ಕರಡಿಗಳೆಲ್ಲ ಬಿಳಿ. ಇಂಥ ಊರು ಉತ್ತರದಲ್ಲಿದೆ. ಅಲ್ಲಿಯ ಕರಡಿ ಯಾವ ಬಣ್ಣ? ನಾವು ನೋಡಿಲ್ಲ, ನೋಡದ್ದರ ಬಗ್ಗೆ ಮಾತಾಡುವುದಿಲ್ಲ ಎಂಬ ಧಾಟಿಯ ಉತ್ತರ ಬಂತು. ಒಂದೆರಡು ವರ್ಷ ಶಾಲೆ ಕಂಡವರು ಮಾತ್ರ ಬಿಳಿ ಎಂದರು.

ದಿಮ್ಮಿಯ ವಿಚಾರದಲ್ಲಿ ನಾನು ಆ ರೈತರ ಪಕ್ಷ. ನಮ್ಮ ಕೊನೆಗಾರ ಅಜ್ಜನನ್ನು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು. ಕಣ್ಣಾರೆ ಕಾಣದ್ದನ್ನು ತರ್ಕದಿಂದ ಹಿಡಿಯುವ ಕರಡಿಯ ವಿಚಾರಕ್ಕೆ ಬಂದರೆ ಮಾತ್ರ ಶಾಲೆಯ ಪಕ್ಷ. ಗಾದೆಯ ಮೇಲೆ ನನ್ನ ತಕರಾರು ಇರುವುದೂ ಇಲ್ಲೇ. ಕೊಳೆರೋಗವನ್ನೇ ತೆಗೆದುಕೊಳ್ಳಿ. ಮದ್ದು ಬರುವ ಮೊದಲು ಮಲೆನಾಡಿನಲ್ಲಿ ಏನು ಮಾಡುತ್ತಿದ್ದರು? ಅಡಿಕೆಯ ಗೊಂಚಲಿಗೆ, ಅಂದರೆ ಕೊನೆಗೆ, ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಮಳೆ ನೀರು ಕಾಯಿಗೆ ತಾಗದಂತೆ ಗೊಂಚಲಿಗೊಂದು ಗೊರಬು ಹೊದೆಸಿದ ಹಾಗೆ. ನೀರು ಬಿದ್ದರೆ ಕೊಳೆ ಎಂಬುದನ್ನು ಯಾವ ಪುಸ್ತಕವೂ ಅವರಿಗೆ ಹೇಳಿರಲಿಲ್ಲ. ಬುದ್ಧಿ ಎಂದರೆ ಅದು. ಆದರೆ ನೀರಿನೊಳಗೆ ಈಜಿಕೊಂಡು ಬಂದು ಕಾಯಿಗೆ ಅಂಟುವುದು ಏನು ಎಂದು ಬರಿಗಣ್ಣಿಗೆ ಕಾಣುವ ಹಾಗಿರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆತ ಕಾಯಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಇದು ಫೈಟಾಫ್ತೊರಾ ಜಾತಿಯ ಶಿಲೀಂಧ್ರದ ಕೆಲಸ ಎಂದು 1910ರಲ್ಲಿ ವಿವರವಾಗಿ ಬರೆದರು. ಬೋರ್ಡೋ ದ್ರಾವಣ, ಅಂದರೆ ಈ ತುತ್ತ ಸುಣ್ಣದ ಕೊಳೆಮದ್ದನ್ನೇ, ಹೊಡೆಯಿರಿ ಎಂದವರೂ ಅವರೇ. ಅವರು ಬಿಳಿ ಕರಡಿಯನ್ನು ಕಂಡವರು.

ಈ ಬೋರ್ಡೋ ದ್ರಾವಣದ ಹುಟ್ಟು ಇನ್ನೂ ಸೊಗಸು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನುವ ಕಾಟ. ರೈತರು ರಸ್ತೆಯಂಚಿನ ಬಳ್ಳಿಗಳಿಗೆ ತುತ್ತ ಸುಣ್ಣ ಕಲಸಿ ಬಳಿದರು. ನೋಡಿದರೇ ವಿಷ ಎನ್ನಿಸಿ ಕಳ್ಳರು ಹತ್ತಿರ ಸುಳಿಯದಿರಲಿ ಎಂದು. 1882ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರೊಫೆಸರ್ ಮಿಲಾರ್ಡೆ ಆ ದಾರಿಯಲ್ಲಿ ಹೋಗುವಾಗ, ತೋಟವೆಲ್ಲ ಬೂಜು ರೋಗಕ್ಕೆ ಎಲೆ ಉದುರಿಸಿ ನಿಂತಿದ್ದರೆ ರಸ್ತೆಯಂಚಿನ ಬಳ್ಳಿ ಮಾತ್ರ ಹಸಿರಾಗಿದ್ದುದನ್ನು ಕಂಡರು. ಆ ದಾರಿಯಲ್ಲಿ ಎಷ್ಟು ಜನ ಓಡಾಡಿರಲಿಕ್ಕಿಲ್ಲ! ಅವರು ನಿಂತು ಯಾಕೆ ಎಂದು ಕೇಳಿದರು, ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಳ್ಳರನ್ನು ಓಡಿಸಲು ರೈತರು ಹೂಡಿದ ಉಪಾಯ ಒಬ್ಬ ಪ್ರೊಫೆಸರರ ಕಣ್ಣಿಗೆ ಬಿದ್ದು, ಸಮುದ್ರ ದಾಟಿ, ಆಗುಂಬೆಯ ಮಳೆಯಲ್ಲಿ ನಮ್ಮ ಅಡಿಕೆ ಕೊನೆಯ ಮೇಲೆ ನೀಲಿಯಾಗಿ ಕೂತಿತು. ಉನ್ನತ ಶಿಕ್ಷಣದ ಬೆಲೆ ಏನು ಎಂದು ಯಾರಾದರೂ ಕೇಳಿದರೆ ನಾನು ಸಂಬಳದ ಲೆಕ್ಕ ತೆಗೆಯುವುದಿಲ್ಲ. ಈ ನೀಲಿಯನ್ನು ತೋರಿಸುತ್ತೇನೆ.

ನಮ್ಮದೇ ಜಿಲ್ಲೆಯ ಇನ್ನೊಂದು ಸಂಗತಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬಿದ್ದವು, ಜನಕ್ಕೆ ಜ್ವರ ಹತ್ತಿತು. ಎರಡಕ್ಕೂ ನಂಟಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ನಡುವೆ ಕಾಡಿನ ಉಣುಗು ಇದೆ, ಉಣುಗಿನೊಳಗೆ ವೈರಸ್ ಇದೆ ಎಂದು ತಿಳಿಯಲು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬರಬೇಕಾಯಿತು. ಈಗ ಎಲೆಚುಕ್ಕಿ ರೋಗ ಬಂದು ತೀರ್ಥಹಳ್ಳಿ, ಹೊಸನಗರದ ತೋಟಗಳು ಸೊರಗುತ್ತಿವೆ. ಅಜ್ಜನ ಕತ್ತಿ ಇದಕ್ಕೆ ಉತ್ತರ ಹೇಳುವುದಿಲ್ಲ. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಯಾರೋ ಹುಡುಗಿ ಹೇಳಬೇಕು. ಅವಳು ತೋಟದಲ್ಲಿ ಕೂಡ ಓಡಾಡುವವಳಾಗಿರಲಿ ಎಂಬುದಷ್ಟೇ ನನ್ನ ಆಸೆ.

"ಓದಿ ಏನಾಗಬೇಕು, ಜೀವನವೇ ಪಾಠ" ಅಂತ ವೇದಿಕೆ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ಅವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ಒಂದು ಸಲ ವಿಚಾರಿಸಿ ನೋಡಿ. ಗೈಡ್ ಉರು ಹೊಡೆದು ರ್‍ಯಾಂಕ್ ಹಿಡಿದರೆ ಗೆದ್ದಂತೆ ಎನ್ನುವ ಪಾಲಕರ ಮೇಲೂ ನನಗೆ ಸಿಟ್ಟಿದೆ. ಅದನ್ನು ಹೆಚ್ಚು ಆಡಲಾರೆ. ಮೂವತ್ತು ವರ್ಷ ಆ ಗೈಡಿನ ಪ್ರಶ್ನೆಗಳನ್ನೇ ಪರೀಕ್ಷೆಗೆ ಹಾಕಿದವರಲ್ಲಿ ನಾನೂ ಒಬ್ಬ.

ಕತೆಯ ಬಾಲ ಒಂದು ಉಳಿದಿದೆ. ಅದೇ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ನಾನು ರಜೆಗೆ ಬಂದಿದ್ದಾಗ, ಅಜ್ಜ ಅಂಗಳದ ಚಪ್ಪರದ ಕೆಳಗೆ ಕೂತು ಕತ್ತಿ ಮಸೆಯುತ್ತಿದ್ದರು. ನಾನು ಹತ್ತಿರ ಹೋಗಿ, ತಪ್ಪೊಪ್ಪಿಗೆಯ ಹಾಗೆ, ಕತ್ತಿ ಯಾಕೆ ಕೆಂಪಾಗುತ್ತದೆ ಎಂದು ವಿವರಿಸಿದೆ. ತುತ್ತದಲ್ಲಿ ತಾಮ್ರ ಕರಗಿರುತ್ತದೆ, ಕಬ್ಬಿಣ ನೀರಿಗಿಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ, ಸುಣ್ಣ ಸಾಕಷ್ಟಿದ್ದರೆ ತಾಮ್ರ ಅದರೊಂದಿಗೆ ಬೆರೆತು ಗಷ್ಟಾಗಿ ಕೂತಿರುವುದರಿಂದ ತಳ್ಳಿಸಿಕೊಳ್ಳಲು ಏನೂ ಸಿಗುವುದಿಲ್ಲ ಎಂದೆಲ್ಲ. ಅವರು ಮಸೆಯುವುದನ್ನು ನಿಲ್ಲಿಸಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಿರುಬೆರಳು ಮುಂದೆ ಚಾಚಿದರು.

"ಹಂಗಾರೆ ಸಣ್ಣಯ್ಯ, ಈ ಬೆಳ್ಳಿ ಉಂಗುರ ಅದ್ದಿದ್ರೂ ಕೆಂಪು ಹತ್ತುತ್ತಾ?"

ಎರಡು ವರ್ಷ ನನ್ನ ಜೊತೆ ಲ್ಯಾಬಿನಲ್ಲಿ ನಿಂತ ಮೂವತ್ತು ಹುಡುಗರಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಉತ್ತರ ಪುಸ್ತಕದಲ್ಲಿತ್ತು, ನನಗೆ ಬಾಯಿಪಾಠವೂ ಬರುತ್ತಿತ್ತು. ಆದರೆ ಹೇಳಲಿಲ್ಲ. ಒಳಗೆ ಹೋಗಿ ಅಟ್ಟದಿಂದ ಒಂದು ಹಿಡಿ ತುತ್ತ ತಂದೆ, ಅಮ್ಮ ಬೈಯುತ್ತಿದ್ದರೂ ಕೇಳದೆ ಗಾಜಿನ ಲೋಟದಲ್ಲಿ ಕಲಸಿದೆ. ಅಜ್ಜ ಉಗುಳು ಹಚ್ಚಿ ಉಂಗುರ ಬಿಚ್ಚಿ, ಬಾಳೆನಾರಿಗೆ ಕಟ್ಟಿ ಒಳಗೆ ಇಳಿಬಿಟ್ಟರು. ನಾವಿಬ್ಬರೂ ಲೋಟದ ಎರಡು ಕಡೆ ಕುಕ್ಕರಗಾಲಲ್ಲಿ ಕೂತು, ನೀಲಿ ನೀರಿನೊಳಗೆ ತೂಗುತ್ತಿದ್ದ ಉಂಗುರವನ್ನೇ ನೋಡಿದೆವು. ಬಹಳ ಹೊತ್ತಾದರೂ ಅದು ಬೆಳ್ಳಗೇ ಇತ್ತು.